ಕುಣಿಯಲು ಮಾತ್ರ ಅನುಮತಿ

ವಲಸೆ ಹೋದವರ ಕುಣಿತದ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ತೀರ್ಪುಗಳಿವೆ. ಮೊದಲನೆಯದು ಹೆಮ್ಮೆಯದು: ನೋಡಿ, ನಾಲ್ಕು ತಲೆಮಾರಾದರೂ ಬೇರು ಬಿಟ್ಟಿಲ್ಲ. ಎರಡನೆಯದು ಅನುಮಾನದ್ದು: ಇದೆಲ್ಲ ವೇದಿಕೆಗಾಗಿ ಹೊಲಿಸಿದ ಬಟ್ಟೆ, ಊರಿನಲ್ಲಿ ಯಾರೂ ಹೀಗೆ ಕುಣಿಯುತ್ತಿರಲಿಲ್ಲ. ಮೇಲುನೋಟಕ್ಕೆ ವಿರುದ್ಧವಾಗಿ ಕಾಣುವ ಈ ಎರಡು ಮಾತುಗಳ ಬುಡದಲ್ಲಿರುವ ನಂಬಿಕೆ ಒಂದೇ. ಎಲ್ಲೋ ಒಂದು ಅಸಲಿ ಕುಣಿತವಿತ್ತು, ಅದನ್ನು ಟ್ರಂಕಿನಲ್ಲಿಟ್ಟು ಹಡಗು ಹತ್ತಿಸಿದರು, ಈಗ ಮುಚ್ಚಳ ತೆರೆದು ಅದು ಕೆಟ್ಟಿದೆಯೋ ಇಲ್ಲವೋ ನೋಡಿದರಾಯಿತು ಎಂಬ ನಂಬಿಕೆ. ಕೆನಡಾದ ಉಕ್ರೇನಿಯನ್ನರ ಕುಣಿತದ ಚರಿತ್ರೆಯನ್ನು ಓದುತ್ತ ಹೋದಂತೆ ಈ ಟ್ರಂಕಿನ ರೂಪಕವೇ ಕುಸಿಯುತ್ತದೆ. ಅವರ ವೇದಿಕೆಯ ಕುಣಿತ ಟ್ರಂಕಿನಲ್ಲಿ ಬಂದದ್ದಲ್ಲ. ಅದನ್ನು ಅವರು ಆ ನೆಲದಲ್ಲೇ ತರಗತಿಯಲ್ಲಿ ಕಲಿತರು.

ವಲಸೆ ಸಮುದಾಯಗಳು ಇಂಗ್ಲಿಷಿನಲ್ಲಿ ಬರೆದ ಸಾಹಿತ್ಯ ನನ್ನ ಪಿಎಚ್.ಡಿ. ಅಧ್ಯಯನದ ವಸ್ತು. ಕೆನಡಾದ ಉಕ್ರೇನಿಯನ್ ಲೇಖಕರನ್ನು ಓದುವಾಗ ಕುಣಿತದ ಪ್ರಸ್ತಾಪ ಎದುರಾಗದೆ ಇರುವುದಿಲ್ಲ. ಕನ್ನಡದ ಓದುಗರಿಗೆ 2022ರ ನಂತರ ಉಕ್ರೇನ್ ಎಂದರೆ ಯುದ್ಧ, ಖಾರ್ಕಿವ್‌ನ ನೆಲಮಾಳಿಗೆಗಳಲ್ಲಿ ಸಿಕ್ಕಿಕೊಂಡಿದ್ದ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು, ಏರಿದ ಸೂರ್ಯಕಾಂತಿ ಎಣ್ಣೆಯ ಬೆಲೆ. ಇಂಥ ಹೊತ್ತಿನಲ್ಲಿ ಕುಣಿತದ ಮಾತೇಕೆ ಎಂದು ಕೇಳಬಹುದು. ಉಕ್ರೇನಿಗೆ ತನ್ನದೇ ಸಂಸ್ಕೃತಿ ಇದೆಯೇ ಎಂಬ ಪ್ರಶ್ನೆ ಆ ಯುದ್ಧದ ಒಳಗೇ ಇದೆ. ಕುಣಿತದ ಮಾತು ಅಲ್ಲಿಂದಲೇ ಹುಟ್ಟುತ್ತದೆ.

ಮೊದಲು ಚಿತ್ರ. ಎಡ್ಮಂಟನ್, ವಿನ್ನಿಪೆಗ್, ಡಾಫಿನ್ ಇಂಥ ಊರುಗಳ ಉತ್ಸವಗಳಲ್ಲಿ ಕಾಣುವ ಕಾರ್ಯಕ್ರಮದ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಕಸೂತಿ ಬಟ್ಟೆಯ ಮೇಲೆ ರೊಟ್ಟಿ ಮತ್ತು ಉಪ್ಪನ್ನಿಟ್ಟು ಸ್ವಾಗತಿಸುವ 'ಪ್ರಿವಿತ್' ಮೊದಲಿಗೆ. ನಡುವೆ ಗುಡ್ಡಗಾಡಿನ ಹುತ್ಸುಲರದು, ಬುಕೊವಿನಾದವರದು ಎಂದು ಪ್ರಾಂತ್ಯವಾರು ಕುಣಿತಗಳು. ಕೊನೆಗೆ 'ಹೊಪಾಕ್'. ಕೆಂಪು ಬೂಟು, ಗಾಳಿ ತುಂಬಿಕೊಂಡಂತಿರುವ ಅಗಲ ಷರಾಯಿ, ಹುಡುಗಿಯರ ತಲೆಯ ಹೂದಂಡೆಯಿಂದ ಇಳಿಬಿದ್ದ ಬಣ್ಣಬಣ್ಣದ ರಿಬ್ಬನ್ನು. ಕುಕ್ಕರಗಾಲಿನಲ್ಲಿ ಕೂತು ಕಾಲು ಚಿಮ್ಮುವ, ಗಾಳಿಗೆ ಹಾರುವ ಹುಡುಗರು. 'ಉಕ್ರೇನಿಯನ್' ಎಂಬ ಪದಕ್ಕೆ ಕೆನಡಾದ ಮನಸ್ಸಿನಲ್ಲಿರುವ ಚಿತ್ರ ಇದೇ.

ಈ ಚಿತ್ರದಲ್ಲೊಂದು ಬಿರುಕಿದೆ. 1891ರಿಂದ 1914ರ ನಡುವೆ ಕೆನಡಾಕ್ಕೆ ಬಂದ ಸುಮಾರು 1,70,000 ಉಕ್ರೇನಿಯನ್ನರು ಬಹುತೇಕ ಗಲೀಷಿಯಾ ಮತ್ತು ಬುಕೊವಿನಾದ ರೈತರು. ಆಸ್ಟ್ರೋ-ಹಂಗೇರಿಯನ್ ಸಾಮ್ರಾಜ್ಯದ ಪ್ರಜೆಗಳು. ಆ ಕೆಂಪು ಬೂಟು, ಅಗಲ ಷರಾಯಿ, ಹೊಪಾಕ್ ಎಲ್ಲವೂ ಅವರ ಊರಿನವಲ್ಲ. ಅವು ನೂರಾರು ಮೈಲಿ ಪೂರ್ವದ, ರಷ್ಯನ್ ಸಾಮ್ರಾಜ್ಯದೊಳಗಿದ್ದ ನೀಪರ್ ನದಿಯ ಬಯಲಿನ, ಕೊಸಾಕ್ ನೆನಪಿನ ವೇಷಗಳು. ಗಲೀಷಿಯಾದ ಅಜ್ಜಿಯ ಮೊಮ್ಮಗಳು ಪೋಲ್ತಾವಾದ ಹುಡುಗಿಯ ಹೂದಂಡೆ ಮುಡಿದು 'ನಮ್ಮ ಅಜ್ಜಿಯ ಕುಣಿತ' ಎನ್ನುತ್ತಿದ್ದಾಳೆ. ಈ ಪಲ್ಲಟ ಹೇಗಾಯಿತು ಎಂದು ಹುಡುಕಿದರೆ ಒಬ್ಬ ಮನುಷ್ಯ ಸಿಗುತ್ತಾನೆ.

ವಸೀಲ್ ಅವ್ರಮೆಂಕೊ 1895ರಲ್ಲಿ ಮಧ್ಯ ಉಕ್ರೇನಿನ ಸ್ಟೆಬ್ಲಿವ್‌ನಲ್ಲಿ ಹುಟ್ಟಿದವನು. 1917ರ ಕ್ರಾಂತಿಯ ಬೆನ್ನಲ್ಲಿ ಉಕ್ರೇನ್ ಕೆಲಕಾಲ ಸ್ವತಂತ್ರ ಗಣರಾಜ್ಯವಾಯಿತು, ಸೋತಿತು. ಸೋತ ಸೈನಿಕರನ್ನು ಪೋಲೆಂಡಿನ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅಂಥದೊಂದು ಶಿಬಿರ ಕಾಲಿಶ್‌ನಲ್ಲಿತ್ತು. 1921ರಲ್ಲಿ ಅಲ್ಲಿಯೇ ಅವ್ರಮೆಂಕೊ ತನ್ನ ಮೊದಲ ನೃತ್ಯಶಾಲೆ ತೆರೆದ. ದೇಶ ಕಳೆದುಕೊಂಡ ಸೈನಿಕರಿಗೆ ಸಾಲುಗಟ್ಟಿ ನಿಲ್ಲುವುದನ್ನು, ಒಂದೇ ತಾಳಕ್ಕೆ ಹೆಜ್ಜೆ ಹಾಕುವುದನ್ನು ಆತ ಕುಣಿತವಾಗಿ ಕಲಿಸಿದ. ಅವನ ಪಾಠಕ್ಕೆ ಆಧಾರವಾದದ್ದು ವಸೀಲ್ ವೆರ್ಖೊವಿನೆಟ್ಸ್ ಎಂಬ ವಿದ್ವಾಂಸ ಹಳ್ಳಿಗಳನ್ನು ಸುತ್ತಿ, ಹೆಜ್ಜೆಗಳಿಗೆ ಹೆಸರು ಹಾಕಿ ವರ್ಗೀಕರಿಸಿದ್ದ ಕೆಲಸ. 1925ರ ಡಿಸೆಂಬರ್‌ನಲ್ಲಿ ಅವ್ರಮೆಂಕೊ ಕೆನಡಾಕ್ಕೆ ಬಂದಿಳಿದ. ಊರೂರಿಗೆ ಹೋಗಿ ಕೆಲವು ವಾರ ತರಗತಿ ನಡೆಸುವುದು, ಕೊನೆಗೊಂದು ದೊಡ್ಡ ಪ್ರದರ್ಶನ, ಶಿಷ್ಯರಲ್ಲಿ ಚುರುಕಾದವರನ್ನು ಶಿಕ್ಷಕರನ್ನಾಗಿ ಬಿಟ್ಟು ಮುಂದಿನ ಊರಿಗೆ ಹೊರಡುವುದು – ಇದು ಅವನ ಕ್ರಮ. ರೈತರ ಮಕ್ಕಳು ಇವನಿಂದ ಕುಣಿತವನ್ನಷ್ಟೇ ಕಲಿಯಲಿಲ್ಲ. ತಾವು 'ಗಲೀಷಿಯಾದವರು' ಅಲ್ಲ, 'ಉಕ್ರೇನಿಯನ್ನರು' ಎಂಬುದನ್ನೂ ಕಲಿತರು.

ನಮ್ಮ ಕಾವ್ಯಚರ್ಚೆಯ ಮಾರ್ಗ-ದೇಸಿ ಜೋಡಿಯನ್ನು ಇಲ್ಲಿ ತುಸು ಎರವಲು ಪಡೆಯಬಹುದು. ಅವ್ರಮೆಂಕೊ ಮಾಡಿದ್ದು ಒಂದು ಪ್ರಾಂತ್ಯದ ದೇಸಿಯನ್ನು ಎತ್ತಿ ಇಡೀ ಜನಾಂಗದ ಮಾರ್ಗವನ್ನಾಗಿಸಿದ ಕೆಲಸ. ಗಲೀಷಿಯಾದವರ ಸ್ವಂತ ದೇಸಿ ಅವರ ಮದುವೆಮನೆಗಳಲ್ಲಿ ಉಳಿಯಿತು. ವೇದಿಕೆಗೆ ಮಾರ್ಗ ಬಂತು. ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ 1983ರಲ್ಲಿ ಚಾಲ್ತಿಗೆ ತಂದ 'ಕಟ್ಟಿದ ಪರಂಪರೆ'ಯ ಪರಿಕಲ್ಪನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ವಿಮರ್ಶೆ ಅಲ್ಲಿಗೇ ನಿಂತರೆ 'ಇದು ಕಟ್ಟಿದ್ದು' ಎಂದು ಬೆರಳು ತೋರಿದ ಖುಷಿ ಮಾತ್ರ ನಮಗೆ ದಕ್ಕುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಜನಾಂಗ ತನ್ನನ್ನು ಕಟ್ಟಿಕೊಳ್ಳಲು ಇಷ್ಟೆಲ್ಲ ಸಾಮಗ್ರಿಗಳ ನಡುವೆ ಕುಣಿತವನ್ನೇ ಯಾಕೆ ಆರಿಸಿಕೊಂಡಿತು? ಅಥವಾ, ಆರಿಸಿಕೊಳ್ಳಲು ಬೇರೇನು ಉಳಿದಿತ್ತು?

1876ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಹೊರಡಿಸಿದ ಎಮ್ಸ್ ಆಜ್ಞೆ ಉಕ್ರೇನಿಯನ್ ಭಾಷೆಯ ಮುದ್ರಣವನ್ನು ಬಹುಮಟ್ಟಿಗೆ ನಿಷೇಧಿಸಿತು, ರಂಗಭೂಮಿಯನ್ನೂ ಮುಚ್ಚಿಸಿತು. ಕೆಲವು ವರ್ಷಗಳ ನಂತರ ನಾಟಕಕ್ಕೆ ಷರತ್ತಿನ ಮೇಲೆ ಅವಕಾಶ ಸಿಕ್ಕಿತು. ಆಗ ಸೆನ್ಸಾರ್ ದಾಟಬಲ್ಲದ್ದು ಹಳ್ಳಿಯ ಬದುಕಿನ, ಹಾಡು-ಕುಣಿತ ತುಂಬಿದ ನಾಟಕ. ವಿಚಾರವಂತ ಪಾತ್ರವೊಂದು ಉಕ್ರೇನಿಯನ್ನಿನಲ್ಲಿ ಮಾತಾಡುವುದು ಕಷ್ಟ. ಕುಡಿದು ಕುಣಿಯುವುದು ಸಲೀಸು. 'ಹೊಪಾಕ್ ಮತ್ತು ಹೊರೀಲ್ಕಾ', ಅಂದರೆ ಕುಣಿತ ಮತ್ತು ಹೆಂಡ, ಎಂಬ ಬೈಗುಳ ಆ ಬಗೆಯ ನಾಟಕಗಳಿಗೆ ಅಂಟಿಕೊಂಡಿತು. ಸಾಮ್ರಾಜ್ಯಕ್ಕೆ ಜಾನಪದದ ಬಗ್ಗೆ ತಕರಾರಿರಲಿಲ್ಲ. ಅದಕ್ಕೆ ಭಯವಿದ್ದದ್ದು ಪಠ್ಯಪುಸ್ತಕದ ಬಗ್ಗೆ, ಪತ್ರಿಕೆಯ ಬಗ್ಗೆ, ತತ್ತ್ವಶಾಸ್ತ್ರದ ಬಗ್ಗೆ.

ಸೋವಿಯತ್ ಕಾಲದಲ್ಲಿ ಇದೇ ಅನುಮತಿ ಇನ್ನಷ್ಟು ಕಠೋರ ರೂಪದಲ್ಲಿ ಮರಳಿತು. ಅವ್ರಮೆಂಕೊ ಕೆನಡಾಕ್ಕೆ ಬಂದ 1925ರಲ್ಲೇ, ಖಾರ್ಕಿವ್‌ನಲ್ಲಿ ಮಿಕೋಲಾ ಖ್ವಿಲೊವಿ ಎಂಬ ಲೇಖಕ ತನ್ನ ಪ್ರಸಿದ್ಧ ಲೇಖನಮಾಲೆಯನ್ನು ಆರಂಭಿಸಿದ್ದ. ಉಕ್ರೇನಿಯನ್ ಸಾಹಿತ್ಯ ಹಳ್ಳಿಗತನದ ಹಾಡುಗಾರಿಕೆಯಿಂದ ಹೊರಬಂದು ಯುರೋಪಿನ ಎತ್ತರಕ್ಕೆ ನೇರವಾಗಿ ಎದುರಾಗಬೇಕು, ಮಾಸ್ಕೋದ ದಲ್ಲಾಳಿತನ ಬೇಡ ಎಂಬುದು ಅವನ ವಾದ. ಒಂದೇ ವರ್ಷ, ಎರಡು ಯೋಜನೆಗಳು. ಒಬ್ಬ ಕೊಸಾಕ್ ವೇಷ ತೊಟ್ಟು ಜನಾಂಗ ಕಟ್ಟಲು ಹೊರಟ. ಇನ್ನೊಬ್ಬ ಆ ವೇಷವನ್ನು ಕಳಚಿ ಆಧುನಿಕನಾಗಲು ಹೊರಟ. ಬಹುಜನಕ್ಕೆ ಇಂದು ಗೊತ್ತಿರುವುದು ಮೊದಲನೆಯದು. ಇದಕ್ಕೆ ಕಾರಣ ಕಲಾತ್ಮಕವಲ್ಲ. ಕ್ಷಾಮದ ನಡುವೆ, ಗೆಳೆಯರ ಬಂಧನದ ಬೆನ್ನಲ್ಲಿ ಖ್ವಿಲೊವಿ 1933ರ ಮೇ ತಿಂಗಳಲ್ಲಿ ಗುಂಡು ಹಾರಿಸಿಕೊಂಡ. ರಂಗನಿರ್ದೇಶಕ ಲೆಸ್ ಕುರ್ಬಾಸ್‌ನನ್ನು 1937ರಲ್ಲಿ ಗುಂಡಿಕ್ಕಿ ಕೊಂದರು. ಹೆಜ್ಜೆಗಳ ಕೋಶ ಬರೆದ ವೆರ್ಖೊವಿನೆಟ್ಸ್‌ನನ್ನೂ 1938ರಲ್ಲಿ ಕೊಂದರು. ಇದೇ ಹೊತ್ತಿನಲ್ಲಿ, 1937ರಲ್ಲಿ, ಸರ್ಕಾರ ಕೀವ್‌ನಲ್ಲಿ ಒಂದು ಜಾನಪದ ನೃತ್ಯತಂಡವನ್ನು ಸ್ಥಾಪಿಸಿತು. ಅದರ ಸ್ಥಾಪಕರಲ್ಲೊಬ್ಬ ಪಾವ್ಲೊ ವಿರ್ಸ್ಕಿ. ಕವಿಗಳನ್ನು ಮುಗಿಸಿದ ವರ್ಷಗಳಲ್ಲೇ ನರ್ತಕರಿಗೆ ಸಂಬಳ ಶುರುವಾಯಿತು.

ವಿರ್ಸ್ಕಿ ದೊಡ್ಡ ಕಲಾವಿದ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. 1955ರಿಂದ 1975ರಲ್ಲಿ ಸಾಯುವವರೆಗೆ ಆತ ಮುನ್ನಡೆಸಿದ ತಂಡ ಬ್ಯಾಲೆಯ ಕಸರತ್ತನ್ನು ಹಳ್ಳಿಯ ಹೆಜ್ಜೆಗೆ ಬೆಸೆದು ಒಂದು ಬೆರಗಿನ ಭಾಷೆಯನ್ನೇ ಸೃಷ್ಟಿಸಿತು. ಆ ಹಳ್ಳಿಯಲ್ಲಿ ಹಸಿವಿಲ್ಲ, ಮುಪ್ಪಿಲ್ಲ, ಜಗಳವಿಲ್ಲ, ಎಲ್ಲರೂ ನಗುತ್ತಾರೆ. ಉಕ್ರೇನಿನಲ್ಲೇ ಇದಕ್ಕೆ ಒಂದು ತಿರಸ್ಕಾರದ ಪದ ಇದೆ: 'ಶರೊವಾರ್ಶ್ಚಿನಾ', ಕನ್ನಡದಲ್ಲಿ 'ಷರಾಯಿ ಸಂಸ್ಕೃತಿ' ಎನ್ನಬಹುದು. ವಿಚಿತ್ರವೆಂದರೆ, ಈ ಸೋವಿಯತ್ ಭಾಷೆಯನ್ನು ತಮ್ಮದಾಗಿಸಿಕೊಂಡವರು ಸೋವಿಯತ್ ಒಕ್ಕೂಟದ ಕಡುವಿರೋಧಿಗಳು. ಎಡಪಂಥೀಯ ಸಂಘಗಳಿಗೆ ಕೀವ್‌ನೊಂದಿಗೆ ಸಂಪರ್ಕವಿತ್ತು, ಅದು ಸಹಜ. ಎರಡನೆಯ ಮಹಾಯುದ್ಧದ ನಿರಾಶ್ರಿತರು ತುಂಬಿದ್ದ ರಾಷ್ಟ್ರೀಯವಾದಿ ಸಂಘಗಳೂ ಕ್ರಮೇಣ ಅದೇ ಶೈಲಿಗೆ ಒಲಿದವು. ಎಡ್ಮಂಟನ್ನಿನ ಶುಮ್ಕಾ 1959ರಲ್ಲಿ, ವಿನ್ನಿಪೆಗ್‌ನ ರುಸಾಲ್ಕಾ 1962ರಲ್ಲಿ, ಎಡ್ಮಂಟನ್ನಿನದೇ ಚೆರೆಮೋಶ್ 1969ರಲ್ಲಿ ಹುಟ್ಟಿದವು. ಅವುಗಳ ಮುಂದಿನ ಬೆಳವಣಿಗೆಯಲ್ಲಿ ವಿರ್ಸ್ಕಿಯ ನೆರಳು ಎದ್ದು ಕಾಣುತ್ತದೆ. ವೈರಿಯ ಮನೆಯಲ್ಲಿ ತಯಾರಾದ ಕನ್ನಡಿಯಲ್ಲಿ ವಲಸಿಗರು ತಮ್ಮ ಮುಖ ನೋಡಿಕೊಂಡರು.

ಮೂರನೆಯ ಅನುಮತಿ ಕೆನಡಾದ್ದು. ಇದನ್ನು ತ್ಸಾರನ ಆಜ್ಞೆಯ ಸಾಲಿನಲ್ಲಿಡುವುದು ಅನ್ಯಾಯ. ಇಲ್ಲಿ ಕವಿಗಳನ್ನು ಯಾರೂ ಕೊಲ್ಲಲಿಲ್ಲ. ಆದರೂ ಚರಿತ್ರೆ ಅಷ್ಟು ಸರಳವಲ್ಲ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಪ್ರಜೆಗಳೆಂಬ ಕಾರಣಕ್ಕೆ ಇವರನ್ನು ವೈರಿಗಳ ಪಟ್ಟಿಗೆ ಸೇರಿಸಿದರು. 1914ರಿಂದ 1920ರವರೆಗೆ 24 ಶಿಬಿರಗಳಲ್ಲಿ 8,579 ಮಂದಿಯನ್ನು ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಉಕ್ರೇನಿಯನ್ನರು. 1916ರಲ್ಲಿ ಮ್ಯಾನಿಟೋಬಾ ಪ್ರಾಂತ್ಯ ದ್ವಿಭಾಷಾ ಶಾಲೆಗಳನ್ನು ರದ್ದು ಮಾಡಿತು. 1971ರಲ್ಲಿ ಪ್ರಧಾನಿ ಪಿಯೆರ್ ಟ್ರೂಡೊ ಬಹುಸಂಸ್ಕೃತಿ ನೀತಿಯನ್ನು ಘೋಷಿಸಿ, ಮರುದಿನವೇ ವಿನ್ನಿಪೆಗ್‌ನಲ್ಲಿ ಉಕ್ರೇನಿಯನ್ ಸಂಘಟನೆಗಳ ಸಮಾವೇಶದಲ್ಲಿ ಮಾತಾಡಿದ. ಈ ನೀತಿಗಾಗಿ ಅವರು ಹೋರಾಡಿದ್ದರು. ಅದು ಅವರ ಗೆಲುವೇ. ಆದರೆ ಆ ಹೊತ್ತಿಗೆ ಮನೆಗಳಲ್ಲಿ ಭಾಷೆ ಕರಗುತ್ತಿತ್ತು. 2021ರ ಜನಗಣತಿಯಲ್ಲಿ ಉಕ್ರೇನಿಯನ್ ಮೂಲ ಹೇಳಿಕೊಂಡವರು ಸುಮಾರು 12.5 ಲಕ್ಷ, ಉಕ್ರೇನಿಯನ್ ತಾಯ್ನುಡಿ ಎಂದವರು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಾಲಗೆ ಬಿಟ್ಟದ್ದನ್ನು ಕಾಲು ಹಿಡಿದುಕೊಂಡಿತು.

ಈ ಲೆಕ್ಕವನ್ನು ಮೊದಲು ಖಾರವಾಗಿ ಮುಂದಿಟ್ಟವರಲ್ಲಿ ಮಿರ್ನಾ ಕೋಸ್ಟಾಶ್ ಒಬ್ಬಳು. 1977ರ ಅವಳ 'ಆಲ್ ಆಫ್ ಬಾಬಾಸ್ ಚಿಲ್ಡ್ರನ್' (ಬಾಬಾ ಎಂದರೆ ಅಜ್ಜಿ) ಆಲ್ಬರ್ಟಾದ ಟೂ ಹಿಲ್ಸ್ ಎಂಬ ಊರಿನ ಎರಡನೆಯ ತಲೆಮಾರಿನವರ ಮಾತುಗಳನ್ನು ಆಧರಿಸಿದ ಪುಸ್ತಕ. ಶಾಲೆಯಲ್ಲಿ ಅನುಭವಿಸಿದ ಅವಮಾನ, ಹೆಂಗಸರ ದುಡಿಮೆ, ರೈತರ ಎಡಪಂಥೀಯ ಹೋರಾಟಗಳು – ಉತ್ಸವದ ವೇದಿಕೆ ನೆನೆಯದ ಇವೆಲ್ಲ ಅಲ್ಲಿವೆ. ನಂತರದ ತಲೆಮಾರಿನ ಲೀಸಾ ಗ್ರೆಕುಲ್ ತನ್ನ 'ಲೀವಿಂಗ್ ಶ್ಯಾಡೋಸ್' (2005) ಕೃತಿಯಲ್ಲಿ ಈ ಸಮುದಾಯದ ಇಂಗ್ಲಿಷ್ ಸಾಹಿತ್ಯ ನೆರಳಿನಲ್ಲೇ ಉಳಿದುದರ ಬಗ್ಗೆ ಬರೆದಳು. ಸಾಹಿತ್ಯದ ವಿದ್ಯಾರ್ಥಿಯಾದ ನನ್ನ ಸಹಾನುಭೂತಿ ಸಹಜವಾಗಿ ಇವರ ಕಡೆಗಿದೆ. ನಗುವ ನರ್ತಕಿಗೆ ಚಪ್ಪಾಳೆ ತಟ್ಟುವ ಸಭೆ ಸಿಟ್ಟಿನ ಲೇಖಕಿಯನ್ನು ಓದುವುದಿಲ್ಲ.

ಕೆನಡಾದ ಅನುಮತಿಗೆ ಇನ್ನೊಂದು ಮುಖವಿದೆ. ಉಕ್ರೇನಿಯನ್ ರೈತರಿಗೆ ಹತ್ತು ಡಾಲರಿಗೆ 160 ಎಕರೆಯಂತೆ ಸಿಕ್ಕ ನೆಲ ಕ್ರೀ ಮೊದಲಾದ ಮೂಲನಿವಾಸಿಗಳದು. ಎಡ್ಮಂಟನ್ ಸುತ್ತಲಿನ ನೆಲವನ್ನು ಒಳಗೊಂಡ ಆರನೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ 1876ರಲ್ಲಿ, ಎಮ್ಸ್ ಆಜ್ಞೆಯ ವರ್ಷದಲ್ಲಿ. ಆ ಮೂಲನಿವಾಸಿಗಳ ಆಚರಣೆಯ ಕುಣಿತಗಳ ಮೇಲೆ ಕೆನಡಾ 1885ರಿಂದ ಹಂತಹಂತವಾಗಿ ನಿಷೇಧ ಹೇರಿತು; ನಿಷೇಧ ಹೋದದ್ದು 1951ರಲ್ಲಿ. ಪಶ್ಚಿಮದ ಪ್ರಾಂತ್ಯಗಳಲ್ಲಿ ಅವರು ತಮ್ಮ ಉಡುಪು ತೊಟ್ಟು ಪ್ರದರ್ಶನ ಕೊಡಬೇಕಾದರೂ ಅಧಿಕಾರಿಯ ಒಪ್ಪಿಗೆ ಬೇಕು ಎಂದು 1914ರ ತಿದ್ದುಪಡಿ ಹೇಳಿತು. ಅಂದರೆ ಅವ್ರಮೆಂಕೊ ವಿನ್ನಿಪೆಗ್‌ನಲ್ಲಿ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದ ದಿನಗಳಲ್ಲಿ, ಅದೇ ಬಯಲಿನಲ್ಲಿ ಬೇರೆ ಮಕ್ಕಳ ಅಜ್ಜಂದಿರು ಕುಣಿದರೆ ಅಪರಾಧ. ಶುಮ್ಕಾ ತಂಡ ಇತ್ತೀಚಿನ ವರ್ಷಗಳಲ್ಲಿ ಮೂಲನಿವಾಸಿ ನರ್ತಕರೊಡನೆ 'ಆನ್ಸೆಸ್ಟರ್ಸ್ ಅಂಡ್ ಎಲ್ಡರ್ಸ್' ಎಂಬ ಪ್ರಯೋಗ ಮಾಡಿದ್ದು ಈ ಕಾರಣಕ್ಕೆ ಮುಖ್ಯ. ತನಗೆ ಸಿಕ್ಕ ಅನುಮತಿ ಇನ್ನೊಬ್ಬರಿಗೆ ಸಿಕ್ಕಿರಲಿಲ್ಲ ಎಂದು ವೇದಿಕೆಯ ಮೇಲೆ ನೆನೆಯುವುದು ಸಣ್ಣ ಮಾತಲ್ಲ.

ಅವ್ರಮೆಂಕೊ ನಿರ್ಮಿಸಿದ 'ಕೊಸಾಕ್ಸ್ ಇನ್ ಎಕ್ಸೈಲ್' (1939) ಚಿತ್ರವನ್ನು ಈ ಬೆಳಕಿನಲ್ಲಿ ನೋಡಬಹುದು. ಎಡ್ಗರ್ ಉಲ್ಮರ್ ನಿರ್ದೇಶಿಸಿದ ಇದು ಹುಲಾಕ್-ಆರ್ತೆಮೊವ್ಸ್ಕಿಯ 1863ರ ಆಪೆರಾದ ರೂಪಾಂತರ. ವಲಸಿಗರಿಂದ ಹಣ ಕೂಡಿಸಿ ಸಿನಿಮಾ ಮಾಡಹೊರಟ ಅವ್ರಮೆಂಕೊ ಸಾಲದಲ್ಲಿ ಮುಳುಗಿದ್ದು ಬೇರೆ ಕಥೆ. ಆಪೆರಾದ ಕಥೆ ಸರಳ: ನೆಲೆ ಕಳೆದುಕೊಂಡ ಕೊಸಾಕರು ಡ್ಯಾನ್ಯೂಬ್ ಆಚೆ ತುರ್ಕಿ ಸುಲ್ತಾನನ ಆಶ್ರಯದಲ್ಲಿದ್ದಾರೆ, ಕೊನೆಗೆ ಸುಲ್ತಾನ ಕರುಣೆಯಿಂದ ಊರಿಗೆ ಮರಳಲು ಅಪ್ಪಣೆ ಕೊಡುತ್ತಾನೆ, ಎಲ್ಲರೂ ಹಾಡಿ ಕುಣಿಯುತ್ತಾರೆ. ದೇಶವಿಲ್ಲದವರು ದೇಶವಿಲ್ಲದವರ ಬಗ್ಗೆ ತೆಗೆದ ಚಿತ್ರದಲ್ಲೂ ಕುಣಿತ ಶುರುವಾಗುವುದು ದೊರೆಯ ಅಪ್ಪಣೆಯ ನಂತರವೇ.

ಹಾಗಾದರೆ ಈ ಕುಣಿತ ಬರೀ ಅಪ್ಪಣೆಯ ಕುಣಿತವೇ? ಇಲ್ಲಿ ನಾನು ಕೋಸ್ಟಾಶ್‌ಳ ದಾರಿಯಿಂದ ತುಸು ಕವಲೊಡೆಯುತ್ತೇನೆ. ನನ್ನ ಸಾಕ್ಷಿ ವೇದಿಕೆಯದಲ್ಲ, ಮದುವೆಮನೆಯದು. ಪಶ್ಚಿಮ ಉಕ್ರೇನಿನ 'ಕೊಲೊಮೀಕಾ' ಹದಿನಾಲ್ಕು ಅಕ್ಷರಗಳ ಸಾಲಿನ ಚುಟುಕು ಹಾಡು, ಅದರ ಜೊತೆ ಜೋಡಿಗಳ ಕುಣಿತ. ನಮ್ಮ ತ್ರಿಪದಿಯ ಹಾಗೆ ಅದು ಸ್ಥಳದಲ್ಲೇ ಕಟ್ಟಿ ಕಾಲೆಳೆಯುವ ಹಾಡು. ನೃತ್ಯಶಾಸ್ತ್ರಜ್ಞ ಆಂಡ್ರೀ ನಹಚೆವ್ಸ್ಕಿ ಕೆನಡಾದಲ್ಲಿ ಇದಕ್ಕೆ ಏನಾಯಿತು ಎಂಬುದನ್ನೇ ತನ್ನ ಡಾಕ್ಟರೇಟಿಗೆ ವಸ್ತುವಾಗಿಸಿಕೊಂಡ. ಅಲ್ಲೀಗ ಮದುವೆಯ ರಾತ್ರಿ ಕೊಲೊಮೀಕಾ ಶುರುವಾದರೆ ನೆಂಟರೆಲ್ಲ ದೊಡ್ಡ ವೃತ್ತವಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಾಗಿ, ಗುಂಪುಗುಂಪಾಗಿ ನಡುವಿಗೆ ನುಗ್ಗಿ ತಮಗೆ ಬಂದ ವರಸೆ ತೋರಿಸಿ ಹಿಂದೆ ಸರಿಯುತ್ತಾರೆ. ಆ ವರಸೆಗಳು ಅಜ್ಜಿಯ ಊರಿನವಲ್ಲ. ಶನಿವಾರದ ತರಗತಿಯಲ್ಲಿ ಕಲಿತ ವೇದಿಕೆಯ ವರಸೆಗಳು. ವೇದಿಕೆಯ ಮಾರ್ಗ ಮದುವೆಮನೆಯ ವೃತ್ತದೊಳಗೆ ಬಂದು ಮತ್ತೆ ದೇಸಿಯಾಗಿದೆ. ಅಲ್ಲಿ ಟಿಕೆಟ್ಟಿಲ್ಲ, ಮಂತ್ರಿಗಳಿಲ್ಲ, ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ.

ನಹಚೆವ್ಸ್ಕಿ ಕುಣಿತದಲ್ಲಿ ಎರಡು ಧೋರಣೆಗಳನ್ನು ಗುರುತಿಸುತ್ತಾನೆ: ಈ ಗಳಿಗೆಯ ಸುಖಕ್ಕೆ ಕುಣಿಯುವುದು, ಹಿಂದಿನದನ್ನು ನೆನೆದು ಕುಣಿಯುವುದು. ಇವು ಎರಡು ಕಾಲಘಟ್ಟಗಳಲ್ಲ, 'ಮೊದಲು ಅಸಲಿ, ಆಮೇಲೆ ನಕಲಿ' ಎಂಬ ಇಳಿಜಾರೂ ಅಲ್ಲ. ಒಂದೇ ಹುಡುಗಿ ಸಂಜೆ ವೇದಿಕೆಯಲ್ಲಿ ನೆನಪಿಗಾಗಿ ಕುಣಿದು ರಾತ್ರಿ ಮದುವೆಯಲ್ಲಿ ಈ ಗಳಿಗೆಗಾಗಿ ಕುಣಿಯಬಲ್ಲಳು. ಅಸಲಿತನದ ಪ್ರಶ್ನೆ ಕೇಳುತ್ತ ಕೂತವರಿಗೆ ಈ ಓಡಾಟ ಕಾಣುವುದಿಲ್ಲ.

2021ರ ಜುಲೈಯಲ್ಲಿ ವ್ಲಾದಿಮಿರ್ ಪುಟಿನ್ ಪ್ರಕಟಿಸಿದ ಲೇಖನ ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ವಾದಿಸಿತು. ಏಳು ತಿಂಗಳಲ್ಲಿ ಸೈನ್ಯ ನುಗ್ಗಿತು. ಇಂಥ ಸಮಯದಲ್ಲಿ 'ನಿಮ್ಮ ಪರಂಪರೆ ಕಟ್ಟಿದ್ದು' ಎಂಬ ನಮ್ಮ ಜಾಣ ವಾಕ್ಯ ಯಾರ ಕೈಗೆ ಆಯುಧವಾಗುತ್ತದೆ ಎಂದು ನಾವು, ಇಂಥ ವಾಕ್ಯಗಳನ್ನು ಬರೆದೇ ಪದವಿ ಪಡೆಯುವವರು, ಯೋಚಿಸಬೇಕು. ಕಟ್ಟದ ಪರಂಪರೆ ಯಾವುದೂ ಇಲ್ಲ. ರಷ್ಯಾದ್ದೂ ಕಟ್ಟಿದ್ದೇ. ಹಾಗೆಂದು ವಿಮರ್ಶೆಯನ್ನು ಮಡಿಚಿಟ್ಟು ಚಪ್ಪಾಳೆ ತಟ್ಟುವುದೂ ಪರಿಹಾರವಲ್ಲ. ನಗುವ ಹಳ್ಳಿಯ ಚಿತ್ರ ಸಾಮ್ರಾಜ್ಯಕ್ಕೆ ಸದಾ ಒಗ್ಗಿಕೊಂಡೇ ಬಂದಿದೆ. ಕುಣಿಯುವ ಉಕ್ರೇನನ್ನು ಅದು ಪ್ರೀತಿಸುತ್ತದೆ, ವಾದಿಸುವ ಉಕ್ರೇನನ್ನು ಸಹಿಸುವುದಿಲ್ಲ. ಯುದ್ಧ ಶುರುವಾದ ಮೇಲೆ ಕೆನಡಾಕ್ಕೆ ಬಂದ ಸುಮಾರು ಮೂರು ಲಕ್ಷ ಉಕ್ರೇನಿಯನ್ನರು ಆ ಎರಡನೆಯ ಉಕ್ರೇನನ್ನು ಜೊತೆಗೆ ತಂದಿದ್ದಾರೆ. ಹುತ್ಸುಲ್ ಲಯವನ್ನು ಪಾಪ್‌ಗೆ ಬೆರೆಸಿ 2004ರಲ್ಲಿ ಯೂರೋವಿಷನ್ ಗೆದ್ದ ರುಸ್ಲಾನಾ, ಕೊಳಲಿನ ಜೊತೆ ರ‍್ಯಾಪ್ ಹಾಡಿ 2022ರಲ್ಲಿ ಗೆದ್ದ ಕಲುಷ್ ಆರ್ಕೆಸ್ಟ್ರಾ ಅವರ ಲೋಕದವರು. ಜಾನಪದ ಅವರಿಗೆ ಉಡುಪಿನ ಪೆಟ್ಟಿಗೆಯಲ್ಲ, ಆಟದ ಸಾಮಗ್ರಿ. ಹಳೆಯ ವಲಸಿಗರ ನೃತ್ಯಶಾಲೆಗಳು ಇವರ ಮಾತಿಗೆ ಕಿವಿಗೊಟ್ಟರೆ ನಗುವಿನ ಹಿಂದಿನ ಸಿಟ್ಟೂ ವೇದಿಕೆ ಹತ್ತಬಹುದು.

ಹಾಗಾಗಿ ವಲಸಿಗರ ಕುಣಿತದ ಮುಂದೆ ನಿಂತ ವಿಮರ್ಶಕ ಕೇಳಬೇಕಾದ್ದು 'ಇದು ಅಸಲಿಯೇ' ಎಂದಲ್ಲ. ಯಾರ ಅನುಮತಿಯಿಂದ ಇದು ವೇದಿಕೆ ಹತ್ತಿತು, ಏನನ್ನು ಬಿಟ್ಟು ಬರಲು ಹೇಳಲಾಯಿತು, ಆದರೂ ಏನನ್ನು ಒಳಗೆ ದಾಟಿಸಿತು ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ನನ್ನ ಬಳಿ ಒಂದು ಸಣ್ಣ ಉತ್ತರವಿದೆ. ಕೆನಡಾದ ನೃತ್ಯ ತರಗತಿಗಳಲ್ಲಿ ಇಂಗ್ಲಿಷ್ ಬಳಕೆ ಸಾಮಾನ್ಯ. ಆದರೆ ಹೆಜ್ಜೆಗಳ ಹೆಸರು ಉಕ್ರೇನಿಯನ್ ಆಗಿಯೇ ಉಳಿದಿವೆ: ಬಿಹುನೆಟ್ಸ್, ತಿನೋಕ್, ವಿಖಿಲ್ಯಾಸ್ನಿಕ್. ಈ ಹೆಸರುಗಳನ್ನು ಪುಸ್ತಕಕ್ಕೆ ಇಳಿಸಿದವನು ವೆರ್ಖೊವಿನೆಟ್ಸ್. ಅವನನ್ನು ಕೊಂದವರಿಗೆ ಅವನ ಕೋಶವನ್ನು ಕೊಲ್ಲಲಾಗಲಿಲ್ಲ. ಅಜ್ಜಿಯ ಭಾಷೆಯಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಆಡಲಾರದ ಹತ್ತು ವರ್ಷದ ಮಗು ಈ ಪದಗಳನ್ನು ತಪ್ಪಿಲ್ಲದೆ ಹೇಳಬಲ್ಲದು, ಹೇಳುತ್ತಲೇ ಕಾಲಿನಲ್ಲಿ ಬರೆಯಬಲ್ಲದು. ಒಂದು ಭಾಷೆ ಉಳಿಯಲು ಇಷ್ಟು ಸಾಲದು, ನಿಜ. ಆದರೆ ಇದು ಯಾರೂ ಕೊಟ್ಟ ಅನುಮತಿಯಲ್ಲ.